ಜಡೆ, ಕನ್ನಡಿ ಮತ್ತು ಕಣ್ಣುಕತ್ತಲೆ

ತಲೆ ಬಾಚಿಕೊಳ್ಳುವುದನ್ನು ನಾವು ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀರು ಹೊರುವುದು ಕೆಲಸ, ಕಸ ಗುಡಿಸುವುದು ಕೆಲಸ, ಹಿಟ್ಟು ತೊಳಸುವುದಂತೂ ದೊಡ್ಡ ಕೆಲಸ. ಆದರೆ ಸೊಂಟದವರೆಗೆ ಕೂದಲಿರುವ ಹುಡುಗಿಯೊಬ್ಬಳು ಶಾಲೆಗೆ ಹೊರಡುವ ಮುನ್ನ ಎರಡು ಜಡೆ ಹಾಕಿಕೊಳ್ಳುವುದನ್ನು ಒಮ್ಮೆ ಗಡಿಯಾರ ಹಿಡಿದು ನೋಡಿ. ಸಿಕ್ಕು ಬಿಡಿಸಬೇಕು, ಬೈತಲೆ ತೆಗೆಯಬೇಕು, ಮೂರು ಕಾಲು ಮಾಡಿ ಬಿಗಿಯಾಗಿ ಹೆಣೆಯಬೇಕು, ಮಡಿಸಿ ರಿಬ್ಬನ್ ಕಟ್ಟಬೇಕು. ಅಷ್ಟು ಹೊತ್ತೂ ಎರಡು ಕೈಗಳು ತಲೆಯ ಹಿಂದೆ ಎತ್ತಿ ಹಿಡಿದಂತೆಯೇ ಇರುತ್ತವೆ. ಹಿಂದಿನ ಕಾಲದ ಮೇಷ್ಟ್ರುಗಳು ಮನೆಲೆಕ್ಕ ಮಾಡದ ಹುಡುಗರನ್ನು ಕೈ ಮೇಲೆತ್ತಿಸಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಭಂಗಿ. ಹುಡುಗರಿಗೆ ಅದು ಶಿಕ್ಷೆ, ಹುಡುಗಿಯರಿಗೆ ಅಲಂಕಾರ. ಇಷ್ಟೇ ವ್ಯತ್ಯಾಸ.

ಈ ಅಲಂಕಾರದ ನಡುವೆಯೇ ಕೆಲವರಿಗೆ ಕಿವಿ ಗುಂಯ್‌ಗುಡುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು ಮೂಡುತ್ತದೆ, ಕನ್ನಡಿಯೊಳಗಿನ ಮುಖ ಮಸುಕಾಗುತ್ತದೆ. ಬಾಚಣಿಗೆ ಕೆಳಗೆ ಬೀಳುತ್ತದೆ. ಹಿಂದೆಯೇ ಬಾಚಣಿಗೆ ಹಿಡಿದವಳೂ. ಯಾರಿಗೂ ಇದು ಹೇಳಿಕೊಳ್ಳುವ ಸಂಗತಿ ಅನ್ನಿಸುವುದಿಲ್ಲ. ‘ತಲೆ ಬಾಚುವಾಗ ತಲೆ ತಿರುಗಿತು’ ಎಂದರೆ ಕೇಳಿದವರು ನಗುತ್ತಾರೆ. ಆದರೆ ವೈದ್ಯಕೀಯ ಪತ್ರಿಕೆಗಳಲ್ಲಿ ಇದಕ್ಕೊಂದು ಹೆಸರೇ ಇದೆ: ‘ಹೇರ್ ಗ್ರೂಮಿಂಗ್ ಸಿಂಕೊಪಿ’. ಕೂದಲು ಬಾಚುವಾಗ, ಹೆಣೆಯುವಾಗ, ಒಣಗಿಸುವಾಗ, ಕತ್ತರಿಸುವಾಗ ಬರುವ ಮೂರ್ಛೆ ಎಂದರ್ಥ. ಶಾಲಾ ವಯಸ್ಸಿನ ಮಕ್ಕಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಹೆಚ್ಚು. ಬಹುಪಾಲು ನಿರಪಾಯಕಾರಿ. ಅಪಾಯವಿರುವುದು ಅದನ್ನು ನಾವು ಬೇರೆ ಯಾವುದೋ ಎಂದು ತಿಳಿದುಕೊಳ್ಳುವುದರಲ್ಲಿ.

ನನ್ನ ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ವಿಷಯದಲ್ಲಿ ಆದದ್ದು ಹಾಗೆಯೇ. ನಮ್ಮದು ಹೋಬಳಿ ಕೇಂದ್ರದ ಪ್ರೌಢಶಾಲೆ. ಆ ಹುಡುಗಿ ಮೂರು ಕಿಲೋಮೀಟರ್ ದೂರದ ಹಳ್ಳಿಯಿಂದ ಕೆರೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ಲೆಕ್ಕದಲ್ಲಿ ಚುರುಕು. ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಅವಳ ಓಣಿಯ ಹುಡುಗರನ್ನು ವಿಚಾರಿಸಿದರೆ, ‘ಅವಳಿಗೆ ಫಿಟ್ಸ್ ಅಂತೆ ಸಾರ್. ಇನ್ನು ಶಾಲೆಗೆ ಕಳಿಸಲ್ವಂತೆ’ ಎಂದರು. ಅದನ್ನು ಹೇಳುವಾಗ ಅವರು ಧ್ವನಿ ತಗ್ಗಿಸಿದ ರೀತಿಯೇ ನನಗೆ ಚಿಂತೆ ಹುಟ್ಟಿಸಿತು. ಹಳ್ಳಿಯಲ್ಲಿ ಹೆಣ್ಣುಮಗುವಿನ ಹೆಸರಿಗೆ ಆ ಮಾತು ಒಮ್ಮೆ ಅಂಟಿಕೊಂಡರೆ ಮದುವೆಯ ಮಾತುಕತೆಯವರೆಗೂ ಬಿಡುವುದಿಲ್ಲ. ಮೂರ್ಛೆರೋಗವೂ ಎಲ್ಲ ರೋಗಗಳಂತೆ ಔಷಧಕ್ಕೆ ಬಗ್ಗುವ ಒಂದು ರೋಗ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ನಾವು ಪಾಠ ಮಾಡುತ್ತೇವೆ, ನಿಜ. ಆದರೆ ಇಲ್ಲದ ರೋಗದ ಹೆಸರನ್ನು ಹೊತ್ತು ತಿರುಗುವುದು ಬೇರೆಯೇ ಕಷ್ಟ.

ಒಂದು ಭಾನುವಾರ ನಮ್ಮ ಹಿಂದಿ ಮೇಡಂ ಅವರನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ತಂದೆ ತೆಂಗಿನಕಾಯಿ ಸುಲಿಯುವ ಕೂಲಿ. ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ‘ಓದೋ ಮಗೀನೇ ಸಾರ್, ನಂಗೂ ಗೊತ್ತು. ಆದ್ರೆ ಏರಿ ಮ್ಯಾಲೆ ಬರೋವಾಗ ಬಿದ್ರೆ ಯಾರು ಗತಿ?’ ಎಂದರು. ಆ ಪ್ರಶ್ನೆಗೆ ಉತ್ತರವಿಲ್ಲದೆ ‘ಕಳಿಸಿ, ಕಳಿಸಿ’ ಎನ್ನುವುದು ಸರಿಯಲ್ಲ. ಕೆರೆ ಏರಿ ನನಗೂ ಗೊತ್ತಿರುವುದೇ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು.

‘ಬಿದ್ದದ್ದು ಹೇಗೆ, ಮೊದಲಿಂದ ಹೇಳಿ’ ಎಂದೆ. ಅಜ್ಜಿ ಹೇಳಿದರು: ‘ಕನ್ನಡಿ ಮುಂದೆ ನಿಂತು ಜಡೆ ಹಾಕ್ಕೊಳ್ತಿದ್ಲು ಸ್ವಾಮಿ. ಬಿಳಿಚ್ಕೊಂಡ್ಲು, ದಬ್ಬಂತ ಬಿದ್ಲು. ಕೈ ಎರಡು ಸಲ ಅದುರಿದ್ವು. ಎತ್ತಿ ಕೂರಿಸಿ ಕೈಗೆ ಬೀಗದ ಕೈ ಕೊಟ್ವಿ.’ ಪಕ್ಕದ ಊರಿನಲ್ಲಿ ಚಿಕಿತ್ಸೆ ಕೊಡುವವರೊಬ್ಬರು ‘ಕೈ ಅದುರಿತೇ?’ ಎಂದು ಕೇಳಿ, ಅದುರಿತು ಎಂದೊಡನೆ ಫಿಟ್ಸ್ ಎಂದು ತೀರ್ಮಾನಿಸಿ ಮಾತ್ರೆ ಬರೆದಿದ್ದರು. ಮಾತ್ರೆ ನುಂಗಿ ಹುಡುಗಿ ಮಧ್ಯಾಹ್ನವೂ ತೂಕಡಿಸುತ್ತಿದ್ದಳು.

ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಅವಳನ್ನೇ ಮೇಡಂ ಕರೆದು ಮಾತಾಡಿಸಿದರು. ಬೀಳುವ ಮುಂಚೆ ಗೊತ್ತಾಯಿತೇ? ‘ಗೊತ್ತಾಯ್ತು ಮಿಸ್. ಕಿವಿ ಮುಚ್ಕೊಂಡ ಹಾಗೆ ಆಯ್ತು. ಕಣ್ಣು ಕತ್ಲೆ ಬಂತು.’ ಎದ್ದಾಗ ಎದುರಿಗಿದ್ದವರ ಗುರುತು ಸಿಕ್ಕಿತೇ? ‘ಸಿಕ್ತು. ಅಜ್ಜಿ ಅಳ್ತಿದ್ರು. ಯಾಕಳ್ತೀಯಾ ಅಂದೆ.’ ನಾಲಿಗೆ ಕಚ್ಚಿಕೊಂಡಿರಲಿಲ್ಲ. ಬೆಳಿಗ್ಗೆ ಏನು ತಿಂದಿದ್ದೆ? ಟೀ ಮಾತ್ರ. ಹಿಂದೆ ಎಂದಾದರೂ ಹೀಗೆ? ಹುಡುಗಿ ಸ್ವಲ್ಪ ತಡೆದು, ‘ಎರಡು ಸಲ ಬೀಳೋ ಹಾಗಾಗಿ ಗೋಡೆ ಹಿಡ್ಕೊಂಡಿದ್ದೆ. ಎರಡು ಸಲಾನೂ ತಲೆ ಬಾಚೋವಾಗ್ಲೇ’ ಎಂದಳು.

ವಿಜ್ಞಾನದ ಪಾಠದಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವುದೇ ಇದನ್ನಲ್ಲವೆ? ಒಂದು ಘಟನೆ ಮತ್ತೆ ಮತ್ತೆ ಒಂದೇ ಸನ್ನಿವೇಶದಲ್ಲಿ ನಡೆದರೆ ಆ ಸನ್ನಿವೇಶವನ್ನು ನೋಡು. ಏರಿಯ ಮೇಲೆ ಸೈಕಲ್ ತುಳಿಯುವಾಗ ಇಲ್ಲ, ಆಟದ ಬಯಲಲ್ಲಿ ಇಲ್ಲ, ನಿದ್ದೆಯಲ್ಲಿ ಇಲ್ಲ. ಕನ್ನಡಿಯ ಮುಂದೆ ಮಾತ್ರ. ನಾನು ವೈದ್ಯನಲ್ಲ, ಮಾತ್ರೆ ನಿಲ್ಲಿಸಿ ಎಂದು ಹೇಳಲಿಲ್ಲ, ಹೇಳಲೂಬಾರದು. ಪುಸ್ತಕದಿಂದ ಒಂದು ಹಾಳೆ ಹರಿದು, ಕೇಳಿದ್ದನ್ನೆಲ್ಲ ಕ್ರಮವಾಗಿ ಬರೆದು, ‘ಜಿಲ್ಲಾಸ್ಪತ್ರೆಯಲ್ಲಿ ಇದನ್ನು ಡಾಕ್ಟರ ಕೈಗೆ ಕೊಡಿ’ ಎಂದು ತಂದೆಯ ಕೈಗಿತ್ತೆ.

ಇಲ್ಲಿ ನಿಲ್ಲಿಸಿ, ಕನ್ನಡಿಯ ಮುಂದೆ ನಡೆಯುವುದೇನು ಎಂಬುದನ್ನು ಸ್ವಲ್ಪ ನೋಡೋಣ.

ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟು. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಅದರ ಪಾಲು ಸುಮಾರು 15. ಈ ಸರಬರಾಜು ಏಳೆಂಟು ಸೆಕೆಂಡು ನಿಂತರೂ ಎಚ್ಚರ ತಪ್ಪುತ್ತದೆ. ಮನುಷ್ಯ ಎರಡು ಕಾಲ ಮೇಲೆ ನಿಂತ ದಿನದಿಂದಲೂ ಹೃದಯಕ್ಕೆ ಈ ರಕ್ತವನ್ನು ಮೇಲಕ್ಕೆ ಎತ್ತುವ ಕೆಲಸ ಬಿದ್ದಿದೆ. ಹೃದಯದಿಂದ ಮಿದುಳಿಗೆ ಸುಮಾರು 30 ಸೆಂಟಿಮೀಟರ್ ಎತ್ತರ. ಅಷ್ಟು ಎತ್ತರದ ರಕ್ತದ ಕಂಬದ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 23 ಮಿಲಿಮೀಟರ್. ಅಂದರೆ ನಿಂತವರ ತೋಳಿನಲ್ಲಿ 120 ತೋರಿಸುವ ಒತ್ತಡ ತಲೆಗೆ ತಲುಪುವ ಹೊತ್ತಿಗೆ 97 ಆಗಿರುತ್ತದೆ. ಓವರ್‌ಹೆಡ್ ಟ್ಯಾಂಕಿನಿಂದ ದೂರವಾದಂತೆ ನಲ್ಲಿಯ ಧಾರೆ ಸಣ್ಣಗಾಗುವುದನ್ನು ಕಂಡವರಿಗೆ ಒತ್ತಡ ಸೋರಿಹೋಗುವುದೆಂದರೇನೆಂದು ಹೇಳಬೇಕಾಗಿಲ್ಲ. ಅಷ್ಟುದ್ದ ಕತ್ತಿನ ಜಿರಾಫೆ ಇದೇ ಕಾರಣಕ್ಕೆ ನಮ್ಮ ಎರಡರಷ್ಟು ರಕ್ತದೊತ್ತಡ ಇಟ್ಟುಕೊಂಡು ಬದುಕುತ್ತದೆ.

ಎದ್ದು ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳಗಳಲ್ಲಿರುವ ಒತ್ತಡದ ಕಾವಲುಗಾರರು ಇದನ್ನು ಕಂಡು ಮಿದುಳಿಗೆ ಸುದ್ದಿ ಮುಟ್ಟಿಸುತ್ತಾರೆ. ಹೃದಯ ವೇಗ ಹೆಚ್ಚಿಸುತ್ತದೆ, ಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಎಲ್ಲವೂ ಸರಿಹೋಗುತ್ತದೆ. ನಡೆಯುತ್ತಿದ್ದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತವೆ. ಕನ್ನಡಿಯ ಮುಂದೆ ನಿಂತವಳು ನಡೆಯುವುದಿಲ್ಲ. ಮುಖ ಕದಲದಂತೆ ನೆಟ್ಟಗೆ ನಿಂತಿರುತ್ತಾಳೆ. ಹೊಟ್ಟೆ ಖಾಲಿ. ರಾತ್ರಿಯಿಂದ ನೀರು ಕುಡಿದಿಲ್ಲ. ಬಿಸಿನೀರಿನ ಸ್ನಾನವಾಗಿದ್ದರೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ. ಸಾಲದ್ದಕ್ಕೆ ಸಿಕ್ಕು ಎಳೆದಾಗ ನೆತ್ತಿಗೆ ನೋವು. ತಲೆಯ ಮುಂಭಾಗದ ಚರ್ಮದ ನರ ಈ ಎಳೆತವನ್ನು ಒಳಗೆ ಒಯ್ಯುತ್ತದೆ. ಕೆಲವರಲ್ಲಿ ಆ ಸುದ್ದಿ ಕೇಳಿದ ಮಿದುಳು ತದ್ವಿರುದ್ಧ ಆಜ್ಞೆ ಕೊಟ್ಟುಬಿಡುತ್ತದೆ. ವೇಗಸ್ ಎಂಬ ನರ ಹೃದಯದ ಲಗಾಮು ಎಳೆಯುತ್ತದೆ, ಕಾಲಿನ ರಕ್ತನಾಳಗಳು ಸಡಿಲಗೊಳ್ಳುತ್ತವೆ, ಒತ್ತಡ ಕುಸಿಯುತ್ತದೆ. ನಮ್ಮ ಕಿವಿಗೆ ವೇಗದ ನೆಂಟನಂತೆ ಕೇಳುವ ಈ ನರದ ಕೆಲಸ ನಿಧಾನಗೊಳಿಸುವುದು. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಅಲೆಮಾರಿ ಎಂದರ್ಥ. ಇಂಥ ಮೂರ್ಛೆಗೆ ‘ವೇಸೊವೇಗಲ್ ಸಿಂಕೊಪಿ’ ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ವೈದ್ಯ ಥಾಮಸ್ ಲೂಯಿಸ್, 1932ರಲ್ಲಿ. ರಕ್ತ ಕಂಡರೆ, ಸೂಜಿ ಕಂಡರೆ, ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತರೆ ಬೀಳುವವರೆಲ್ಲ ಇದೇ ಬಳಗದವರು.

ಹಾಗಾದರೆ ಕೈ ಅದುರಿದ್ದು? ಆ ಮನೆಯಲ್ಲಿ ತೀರ್ಪು ಹೊರಬಿದ್ದದ್ದು ಈ ಅಂಶದ ಮೇಲೆಯೇ. ಮಿದುಳಿಗೆ ರಕ್ತ ಕಡಿಮೆಯಾದಾಗ ಸಾಮಾನ್ಯ ಮೂರ್ಛೆಯಲ್ಲೂ ಕೈಕಾಲು ನಾಲ್ಕಾರು ಸಲ ಅದುರುತ್ತವೆ. 1994ರಲ್ಲಿ ಜರ್ಮನಿಯ ವೈದ್ಯರು ಆರೋಗ್ಯವಂತ ಸ್ವಯಂಸೇವಕರಿಗೆ ಬೇಕೆಂದೇ ಮೂರ್ಛೆ ಬರಿಸಿ ವಿಡಿಯೊ ತೆಗೆದು ನೋಡಿದರು. ಪೂರ್ತಿ ಎಚ್ಚರ ತಪ್ಪಿದ 42 ಜನರಲ್ಲಿ ನೂರಕ್ಕೆ 90ರಷ್ಟು ಮಂದಿಯಲ್ಲಿ ಈ ಅದುರಾಟ ಇತ್ತು. ಮೂರ್ಛೆ ಸರಾಸರಿ 12 ಸೆಕೆಂಡು ಮಾತ್ರ. ಅವರಲ್ಲಿ ಯಾರಿಗೂ ಮೂರ್ಛೆರೋಗವಿರಲಿಲ್ಲ. ಅದುರಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ರೋಗದ ಹೆಸರು ಹೇಳಲಾಗದು. ಬಿದ್ದ ಸನ್ನಿವೇಶ ಯಾವುದು, ಮುನ್ಸೂಚನೆ ಇತ್ತೇ, ಮುಖ ಬಿಳಿಚಿತೇ, ಎಷ್ಟು ಹೊತ್ತು, ಎದ್ದಮೇಲೆ ತಕ್ಷಣ ಗುರುತು ಹಿಡಿದಳೇ ಅಥವಾ ಬಹಳ ಹೊತ್ತು ಮಂಕಾಗಿದ್ದಳೇ? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ನೋಡಿದ ಮನೆಯವರು. ಯಂತ್ರಗಳು ಆಮೇಲಿನವು.

ಜಿಲ್ಲಾಸ್ಪತ್ರೆಯ ವೈದ್ಯರು ಹಾಳೆಯನ್ನು ಓದಿದರಂತೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಫಿಟ್ಸ್ ಅಲ್ಲ ಎಂದರು. ಮಾತ್ರೆಯನ್ನು ಹೇಗೆ ನಿಲ್ಲಿಸಬೇಕೆಂದು ಅವರೇ ಹೇಳಿಕೊಟ್ಟರು. ಆದರೆ ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕೆಳಗಿತ್ತು. ಬರಿಯ ಟೀ ಕುಡಿದು ಹೊರಡುವ ಹುಡುಗಿಯ ರಕ್ತ ಬಾಯಿಬಿಟ್ಟು ಹೇಳಿದ್ದು ಅದನ್ನು.

ಈ ಒಂದು ಅಂಕಿ ಅವಳೊಬ್ಬಳದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಏರ್ಪಾಡು ಇರುವುದು ಇದಕ್ಕಾಗಿಯೇ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುವುದನ್ನು ಎಲ್ಲ ಮೇಷ್ಟ್ರುಗಳೂ ಬಲ್ಲರು. ‘ಹೊಟ್ಟೆ ತೊಳಸುತ್ತೆ ಸಾರ್’ ಎನ್ನುತ್ತಾರೆ. ಊಟದ ನಂತರ ನುಂಗಿದರೆ ಈ ತೊಂದರೆ ಕಡಿಮೆ. ಟೀ, ಕಾಫಿಯ ಜೊತೆಗೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಡುವ ನಮ್ಮ ಅಜ್ಜಿಯರು ಕಬ್ಬಿಣ ಬೇಕು ಎಂಬುದನ್ನೇನೋ ಸರಿಯಾಗಿಯೇ ಹಿಡಿದಿದ್ದಾರೆ. ಅದು ಕೈಗಲ್ಲ, ಹೊಟ್ಟೆಗೆ ಹೋಗಬೇಕಾದದ್ದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಮನೆಯ ಕನ್ನಡಿ. ಮಾತಿನ ನಡುವೆ ಅದನ್ನು ನೋಡಿದ್ದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿತ್ತು. ಆರಡಿಯ ತಂದೆ ನಿಂತು ಗಡ್ಡ ಹೆರೆದುಕೊಳ್ಳುವ ಎತ್ತರಕ್ಕೆ. ಹುಡುಗಿಗೆ ಅದರಲ್ಲಿ ಬೈತಲೆ ಕಾಣಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕು, ಗದ್ದ ಮೇಲೆತ್ತಬೇಕು. ‘ಹಿಂದೆ ನೀವು ಹೇಗೆ ಬಾಚಿಕೊಳ್ಳುತ್ತಿದ್ದಿರಿ?’ ಎಂದು ಅಜ್ಜಿಯನ್ನು ಕೇಳಿದೆ. ಅವರಿಗೆ ನಗು ಬಂತು. ‘ನಾವೆಲ್ಲಿ ಬಾಚ್ಕೊಳ್ತಿದ್ವಿ? ಹೊಸ್ತಿಲ ಹೊರಗೆ ಮೆಟ್ಲ ಮ್ಯಾಲೆ ಕೂರಿಸಿ ಅವ್ವ ಬಾಚೋಳು. ಅವ್ವನ ತಲೆ ಅತ್ತೆಮ್ಮ ಬಾಚೋಳು.’ ಹೌದಲ್ಲ! ಒಬ್ಬರ ಹಿಂದೊಬ್ಬರು ಕೂತು ರೈಲು ಡಬ್ಬಿಗಳಂತೆ ತಲೆ ಬಾಚುತ್ತಿದ್ದ ಜಗುಲಿಗಳನ್ನು ನಾನೂ ಚಿಕ್ಕಂದಿನಲ್ಲಿ ಕಂಡಿದ್ದೇನೆ. ಎಣ್ಣೆ ಹಚ್ಚಿ, ಹೇನು ನೋಡಿ, ಊರ ಸುದ್ದಿಯೆಲ್ಲ ಮುಗಿಸಿ ಹೆಣೆಯುತ್ತಿದ್ದ ಜಡೆ ಅದು. ಮೊಗ್ಗಿನ ಜಡೆಗಂತೂ ಮಗು ಗಂಟೆಗಟ್ಟಲೆ ಕೂರುತ್ತಿತ್ತು. ಕೂರುತ್ತಿತ್ತು ಎಂಬುದೇ ಮುಖ್ಯ. ಬಾಚಿಸಿಕೊಳ್ಳುವವಳು ಕೂತಿರುತ್ತಿದ್ದಳು, ಅವಳ ಕೈಗಳು ಮಡಿಲಲ್ಲಿರುತ್ತಿದ್ದವು.

ಈಗ ಆ ತಾಯಿ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಅಜ್ಜಿಗೆ ಕಣ್ಣಿನ ಪೊರೆ. ಹುಡುಗಿಯೇ ಅನ್ನಕ್ಕಿಟ್ಟು, ತಮ್ಮನಿಗೆ ಬಟ್ಟೆ ಹಾಕಿ, ಕೊನೆಯ ಹತ್ತು ನಿಮಿಷದಲ್ಲಿ ಶಾಲೆಯ ನಿಯಮದಂತೆ ಎರಡು ಜಡೆ ಹಾಕಿಕೊಳ್ಳುತ್ತಾಳೆ. ತಾಯಿ ದುಡಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಸಂಬಳದಿಂದಲೇ ಆ ಮನೆಯ ಪುಸ್ತಕ, ಬ್ಯಾಗು. ಆದರೆ ಒಂದು ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಅದರ ಭಾರವೂ ಹೋಗುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ.

ಹುಡುಗಿಯರ ಮಾತಾಯಿತು, ನಮ್ಮ ವಯಸ್ಸಿನವರದೂ ಇದೆ. ಕನ್ನಡದಲ್ಲಿ ‘ಕಣ್ಣು ಕತ್ತಲೆ’ ಮತ್ತು ‘ತಲೆ ಸುತ್ತು’ ಎಂಬ ಎರಡು ಮಾತುಗಳಿವೆ. ಎರಡೂ ಒಂದೇ ಅಲ್ಲ. ಮೂರು ವಾರಕ್ಕೊಮ್ಮೆ ಕೂದಲಿಗೆ ಬಣ್ಣ ಹಚ್ಚಿಕೊಳ್ಳುವ ಅಭ್ಯಾಸ ನನಗಿದೆ (ಇದು ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲವೆಂದು ಭಾವಿಸಿದ್ದೇನೆ). ಒಂದು ದಿನ ಕತ್ತಿನ ಹಿಂದಕ್ಕೆ ಬ್ರಷ್ ಹಾಕಲು ತಲೆಯನ್ನು ಹಿಂದಕ್ಕೆ ವಾಲಿಸಿದೆ. ಬಚ್ಚಲುಮನೆ ಗಿರ್ರನೆ ತಿರುಗಿತು. ಕತ್ತಲೆ ಬರಲಿಲ್ಲ, ಎಚ್ಚರ ತಪ್ಪಲಿಲ್ಲ. ಅರ್ಧ ನಿಮಿಷ ಜಾತ್ರೆಯ ತೊಟ್ಟಿಲಲ್ಲಿ ಕೂತಂತಾಯಿತು. ಕಿವಿ ವೈದ್ಯರು ಕಾರಣ ಹೇಳಿದರು. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ವಯಸ್ಸಾದಂತೆ ಕೆಲವು ಕಳಚಿಕೊಂಡು ಸಮತೋಲ ತಿಳಿಸುವ ನಾಳದೊಳಗೆ ಜಾರುತ್ತವೆ. ತಲೆ ವಾಲಿಸಿದಾಗ ಅವು ಹೊರಳಿ ಇಲ್ಲದ ತಿರುಗಾಟವನ್ನು ಮಿದುಳಿಗೆ ವರದಿ ಮಾಡುತ್ತವೆ. ನಾನು ಮೂವತ್ತು ವರ್ಷ ಕೈಯಲ್ಲಿ ಹಿಡಿದ ಸೀಮೆಸುಣ್ಣದ ಕಡ್ಡಿ ಹೆಸರಿಗೆ ಸುಣ್ಣವಾದರೂ ಬಹುತೇಕ ಜಿಪ್ಸಂ. ಅಪ್ಪಟ ಸುಣ್ಣಕಲ್ಲು ಕಿವಿಯೊಳಗಿತ್ತು! ವೈದ್ಯರು ನನ್ನನ್ನು ಮಲಗಿಸಿ, ತಲೆಯನ್ನು ಕ್ರಮವಾಗಿ ಹೊರಳಿಸಿ, ಹರಳುಗಳನ್ನು ಸ್ವಸ್ಥಾನಕ್ಕೆ ಕಳಿಸಿದರು. ಅಮೆರಿಕದ ವೈದ್ಯ ಎಪ್ಲಿಯ ಹೆಸರಿನ ವಿಧಾನವಂತೆ. ಮಾತ್ರೆಯೂ ಬೇಕಾಗಲಿಲ್ಲ. ವೈದ್ಯರ ಮುಂದೆ ‘ತಲೆಸುತ್ತು’ ಎಂದು ಒಂದೇ ಮಾತು ಹೇಳಿ ಸುಮ್ಮನಾಗಬೇಡಿ. ಕೋಣೆ ತಿರುಗಿತೋ ಕಣ್ಣು ಕತ್ತಲಿಟ್ಟಿತೋ ಬಿಡಿಸಿ ಹೇಳಿ. ಒಂದು ಕಿವಿಯ ದಾರಿ, ಇನ್ನೊಂದು ರಕ್ತದ ದಾರಿ.

ಇನ್ನು ಕೆಲವನ್ನು ಹಗುರವಾಗಿ ಬಿಡಬಾರದು. ಓಡುವಾಗ, ಆಡುವಾಗ ಬಿದ್ದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ, ಎದೆನೋವು, ಎದೆಬಡಿತ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ ಹೃದಯ ಪರೀಕ್ಷೆ ಆಗಲೇಬೇಕು. ಮಾತು ತೊದಲಿದರೆ, ಒಂದು ಪಕ್ಕ ಸೋತರೆ ಒಂದು ನಿಮಿಷವೂ ಕಾಯಬಾರದು. ಕೈ ಎತ್ತಿ ಬಾಚುವಾಗ ತೋಳು ಬೇಗ ಸೋತು ನೋಯುತ್ತಿದ್ದರೆ ಎರಡೂ ತೋಳುಗಳ ರಕ್ತದೊತ್ತಡ ನೋಡಿಸಬೇಕು. ತೋಳಿನ ದೊಡ್ಡ ರಕ್ತನಾಳ ಕಿರಿದಾಗಿದ್ದರೆ, ದುಡಿಯುವ ತೋಳು ಮಿದುಳಿಗೆ ಹೋಗಬೇಕಾದ ರಕ್ತವನ್ನೇ ಎಳೆದುಕೊಳ್ಳುವುದುಂಟು. ಜಪಾನಿನ ಕಣ್ಣಿನ ವೈದ್ಯ ತಕಯಾಸು 1908ರಲ್ಲಿ ವರ್ಣಿಸಿದ, ಏಷ್ಯಾದ ಎಳೆವಯಸ್ಸಿನ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಯಲ್ಲಿ ಹೀಗಾಗುತ್ತದೆ. ಅಪರೂಪದ್ದು, ಆದರೂ ತಿಳಿದಿರಲಿ. ಬಿ.ಪಿ. ಮಾತ್ರೆ ನುಂಗುವ ಹಿರಿಯರು ಬೆಳಿಗ್ಗೆ ಎದ್ದಕೂಡಲೇ ಕನ್ನಡಿಯ ಮುಂದೆ ನಿಲ್ಲದಿರುವುದು ಒಳ್ಳೆಯದು.

ಉಳಿದವರಿಗೆ ಉಪಾಯ ಸುಲಭ. ಏನಾದರೂ ತಿಂದು, ಎರಡು ಲೋಟ ನೀರು ಕುಡಿದು, ಕೂತು ತಲೆ ಬಾಚಿಕೊಳ್ಳುವುದು. ಸಿಕ್ಕನ್ನು ಬುಡದಿಂದ ಎಳೆಯದೆ ತುದಿಯಿಂದ ಬಿಡಿಸುವುದು. ಕಿವಿ ಗುಂಯ್ ಎಂದೊಡನೆ ಬಾಚಣಿಗೆ ಬಿಟ್ಟು ನೆಲದ ಮೇಲೆ ಮಲಗುವುದು. ಮಲಗಲಾಗದಿದ್ದರೆ ಕಾಲಿಗೆ ಕಾಲು ಹೆಣೆದು ತೊಡೆಯ ಸ್ನಾಯು ಬಿಗಿ ಮಾಡುವುದು. ಯಾರಾದರೂ ಬಿದ್ದರೆ ನಾವೆಲ್ಲ ಮೊದಲು ಮಾಡುವುದು ಎತ್ತಿ ಕೂರಿಸುವುದು, ಅದೇ ಮಾಡಬಾರದ್ದು. ಬಿದ್ದಾಗ ತಲೆ, ಹೃದಯ ಒಂದೇ ಮಟ್ಟಕ್ಕೆ ಬರುತ್ತವೆ. ಪ್ರಕೃತಿ ಮಾಡಿದ ಆ ಚಿಕಿತ್ಸೆಯನ್ನು ನಾವು ಕೆಡಿಸಬಾರದು. ಮಲಗಿಸಿಯೇ ಇರಿ, ಕಾಲು ಸ್ವಲ್ಪ ಎತ್ತಿ ಹಿಡಿಯಿರಿ, ಗಾಳಿಯಾಡಲು ಬಿಡಿ, ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ.

ಹುಡುಗಿ ಶಾಲೆಗೆ ಮರಳಿದಳು. ನೀಲಿ ಮಾತ್ರೆಯ ದಿನ ತನ್ನ ಬೆಂಚಿನವರು ನುಂಗಿದರೋ ಇಲ್ಲವೋ ನೋಡುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾಳೆ. ಹೆಣ್ಣುಮಕ್ಕಳನ್ನು ಹಿಂದಿ ಮೇಡಂ ಒಂದು ದಿನ ಪ್ರತ್ಯೇಕವಾಗಿ ಕೂರಿಸಿ, ‘ಜಡೆ ಹಾಕಿಕೊಳ್ಳುವಾಗ ಯಾರಿಗೆ ಕಣ್ಣು ಕತ್ತಲೆ ಬಂದಿದೆ?’ ಎಂದು ಕೇಳಿದಾಗ ಮೊದಲು ಯಾರೂ ಮಾತಾಡಲಿಲ್ಲವಂತೆ. ಇವಳು ಕೈಯೆತ್ತಿದ ಮೇಲೆ ಒಂದೊಂದಾಗಿ ಹಲವು ಕೈಗಳು ಎದ್ದವಂತೆ. ಅದರಿಂದ ಮುಖ್ಯೋಪಾಧ್ಯಾಯರು ಒಂದು ಜಡೆಯಾದರೂ ಸಾಕು ಎಂದು ನಿಯಮ ಸಡಿಲಿಸಿದ್ದಾರೆ.

ಮೊನ್ನೆ ಅವಳ ತಂದೆ ಸಂತೆಯಲ್ಲಿ ಸಿಕ್ಕಿದ್ದರು. ‘ಕನ್ನಡಿ ಕೆಳಗಿಳಿಸಿದೆ ಸಾರ್. ಈಗ ಗಡ್ಡ ಮಾಡ್ಕೊಳೋಕೆ ನಾನೇ ಕುಕ್ಕರಗಾಲಲ್ಲಿ ಕೂರ್ತೀನಿ’ ಎಂದರು. ಅವರ ಗದ್ದದ ಮೇಲೆ ಹೊಸದಾಗಿ ಎರಡು ಕಡೆ ಬ್ಲೇಡಿನ ಗಾಯವಾಗಿತ್ತು.